ಬಣ್ಣ ಕುಡಿಯದ ಕಾಳು

ನಾನು ನಿಂತಿದ್ದದ್ದು ಮೇಜಿನ ಉತ್ತರದ ತುದಿಯಲ್ಲಿ, ಕಿಟಕಿಗೆ ಬೆನ್ನು ಕೊಟ್ಟು. ಕೈಯಲ್ಲಿ ಪಿಂಗಾಣಿ ಒರಳುಗಳ ತಟ್ಟೆ ಇತ್ತು. ರಾಮನಗರದ ಹೊರಗೆ ಹೆದ್ದಾರಿಯನ್ನು ಅಗಲ ಮಾಡುತ್ತಿದ್ದ ವರ್ಷ, ಕಾರ್ತಿಕದ ಒಂದು ಗುರುವಾರ, ಬೆಳಿಗ್ಗೆ ಹನ್ನೊಂದಕ್ಕೆ ಹತ್ತು ನಿಮಿಷ. ನನ್ನಿಂದ ನಾಲ್ಕಡಿ ದೂರದಲ್ಲಿ ಪರೀಕ್ಷೆಯಮ್ಮ ಸೂಕ್ಷ್ಮದರ್ಶಕಕ್ಕೆ ಬಲಗಣ್ಣು ಕೊಟ್ಟು ಕೂತಿದ್ದರು. ಎಡಗಣ್ಣು ತೆರೆದೇ ಇತ್ತು. ಅದು ನೇರ ನನ್ನನ್ನೇ ನೋಡುತ್ತಿರುವಂತೆ ಕಾಣುತ್ತಿತ್ತು, ಆದರೆ ಅದರಲ್ಲಿ ನೋಟವಿರಲಿಲ್ಲ.

ಅವರು ಯಾವಾಗಲೂ ಹಾಗೆಯೇ ನೋಡುತ್ತಿದ್ದದ್ದು. “ಒಂದು ಕಣ್ಣು ಮುಚ್ಚಿಕೊಂಡರೆ ಮುಚ್ಚಿದ ಕಣ್ಣೇ ಮೊದಲು ದಣಿಯುತ್ತೆ ಕಣಪ್ಪ” ಎಂದು ನನಗೆ ಮೊದಲ ವಾರವೇ ಹೇಳಿಕೊಟ್ಟಿದ್ದರು. ಇಪ್ಪತ್ತು ವರ್ಷಕ್ಕೂ ಮೇಲೆ ಆ ಕೊಳವೆಗೆ ಒತ್ತಿ ಒತ್ತಿ ಬಲಗಣ್ಣಿನ ಸುತ್ತ ಬಳೆಯ ಅಚ್ಚಿನಂಥ ಗುರುತು ಬಿದ್ದಿತ್ತು. ರಜೆಯ ದಿನ ಪೇಟೆಯಲ್ಲಿ ಸಿಕ್ಕಾಗಲೂ ಅದು ಮಾಸಿರುತ್ತಿರಲಿಲ್ಲ.

ನಮ್ಮದು ರೇಷ್ಮೆಹುಳುವಿನ ಮೊಟ್ಟೆ ತಯಾರಿಸಿ ರೈತರಿಗೆ ಕೊಡುವ ಖಾಸಗಿ ಕೇಂದ್ರ. ಮಾಗಡಿ ಕಡೆಯಿಂದ ಬೀಜದ ಗೂಡು ಬರುತ್ತಿತ್ತು. ಗೂಡಿನಿಂದ ಚಿಟ್ಟೆ ಹೊರಬಂದು, ಜೋಡಿಯಾಗಿ, ಹೆಣ್ಣು ಹಾಳೆಯ ಮೇಲೆ ಮೊಟ್ಟೆ ಇಟ್ಟ ಮೇಲೆ ಆ ತಾಯಿಚಿಟ್ಟೆಗಳನ್ನು ಒರಳಲ್ಲಿ ಅರೆದು, ರಸ ಸೋಸಿ, ಒಂದು ಹನಿಯನ್ನು ಗಾಜಿನ ಮೇಲಿಟ್ಟು ನೋಡಬೇಕು. ಹುಡುಕುವುದು ಒಂದನ್ನೇ: ಗಂಟುರೋಗದ ಕಾಳು. ಅಕ್ಕಿನುಚ್ಚಿನ ಆಕಾರ, ಬಿಳಿ ಹೊಳಪು, ನಿಂತಲ್ಲೇ ಸಣ್ಣಗೆ ನಡುಗುತ್ತಿರುತ್ತದೆ. ತಾಯಿಗೆ ಇದ್ದರೆ ಮೊಟ್ಟೆಯೊಳಗೇ ಮರಿಗೂ ಹೋಗುತ್ತದೆ. ಔಷಧವಿಲ್ಲ. ಒಂದು ಕಂಡರೂ ಆ ತಂಡದ ಮೊಟ್ಟೆಯನ್ನೆಲ್ಲ ಸುಡಬೇಕು. ನೋಡುವುದು ಪರೀಕ್ಷೆಯಮ್ಮನ ಕೆಲಸ, ನಾವೆಲ್ಲ ಅವರನ್ನು ಹಾಗೆ ಕರೆಯುತ್ತಿದ್ದದ್ದೂ ಅದಕ್ಕೇ. ನಾನು ಬಿ.ಎಸ್ಸಿ. ಓದಿ ಬಂದ ಮೇಲ್ವಿಚಾರಕ. ದಾಖಲೆ ಪುಸ್ತಕದಲ್ಲಿ ಅವರ ಸಹಿಯ ಪಕ್ಕ ನನ್ನ ಸಹಿ ಬೀಳಬೇಕಿತ್ತು.

ಒರಳು ತೊಳೆಯಲು ಪುಟ್ಟಸಿದ್ದಮ್ಮ ಇದ್ದಳು. ಹೊಂಗನೂರಿನಿಂದ ಚನ್ನಪಟ್ಟಣಕ್ಕೆ ಒಂದು ಬಸ್ಸು, ಅಲ್ಲಿಂದ ರಾಮನಗರಕ್ಕೆ ಇನ್ನೊಂದು ಬಸ್ಸು ಹಿಡಿದು ಎಂಟೂವರೆಗೆ ಬಂದುಬಿಡುತ್ತಿದ್ದಳು. ಓದು ಬರಹ ಇರಲಿಲ್ಲ. ಪರೀಕ್ಷೆಯಮ್ಮ ಅವಳು ತೊಳೆದ ಒರಳನ್ನು ಬೆಳಕಿಗೆ ಹಿಡಿದು ನೋಡಿ, “ಅರ್ಧ ಪರೀಕ್ಷೆ ನೀನೇ ಮಾಡಿದೆ” ಎನ್ನುತ್ತಿದ್ದರು. ಅದು ಉಪಚಾರದ ಮಾತಲ್ಲ. ಒಂದು ಒರಳಿನ ಕೊಳೆ ಇನ್ನೊಂದಕ್ಕೆ ಹೋದರೆ ಗಾಜು ಸುಳ್ಳು ಹೇಳುತ್ತದೆ.

ಒಂದು ದಿನ ಊಟವಾದ ಮೇಲೆ ಪರೀಕ್ಷೆಯಮ್ಮ ಅವಳಿಗೆ ಬಾಯಿ ಮುಕ್ಕಳಿಸಿ ಬರಲು ಹೇಳಿದರು. ಕೆನ್ನೆಯ ಒಳಭಾಗವನ್ನು ಐಸ್‌ಕ್ರೀಂ ಕಡ್ಡಿಯಿಂದ ಮೆಲ್ಲಗೆ ಕೆರೆದು, ಗಾಜಿಗೆ ಸವರಿ, ನೀಲಿ ಬಣ್ಣದ ಒಂದು ಹನಿ ಬಿಟ್ಟರು.

“ನೋಡು.”

“ಏನೂ ಕಾಣಾಕಿಲ್ಲ ಅಮ್ಮಾವ್ರೆ. ನನ್ ರೆಪ್ಪೆನೇ ಕಾಣ್ತಾ ಐತೆ.”

“ಒಸಿ ಹಿಂದಕ್ಕೆ ಬಾ. ಈಗ?”

“ಹಪ್ಪಳ ಒಣಗಾಕ್ದಂಗೈತೆ. ನಡುಮದ್ಯ ಒಂದೊಂದ್ ಚುಕ್ಕಿ.”

“ಅದು ನೀನೇ.”

ಪುಟ್ಟಸಿದ್ದಮ್ಮ ತಲೆಯೆತ್ತಿ ನಮ್ಮಿಬ್ಬರನ್ನೂ ನೋಡಿದಳು. “ಹೋಗಿ ಅತ್ಲಾಗೆ. ನಾನ್ ಇಷ್ಟ್ ತೆಳ್ಳಗಿದ್ದಿದ್ರೆ ನಮ್ಮತ್ತೆ ಇನ್ನೊಂದ್ ಮುದ್ದೆ ಇಕ್ಕೋಳು.”

ಪರೀಕ್ಷೆಯಮ್ಮ ನಗುವುದು ಕಡಿಮೆ. ಅವತ್ತು ನಕ್ಕರು, ನಕ್ಕು ಕೆಮ್ಮಿದರು. ಚಿಟ್ಟೆಯ ರೆಕ್ಕೆಯ ಪುಡಿ ಆ ಕೋಣೆಯಲ್ಲಿ ಸದಾ ತೇಲುತ್ತಿರುತ್ತಿತ್ತು. ನಾವೆಲ್ಲ ಕೆಮ್ಮುತ್ತಿದ್ದೆವು, ಅವರು ನಮಗಿಂತ ಹೆಚ್ಚು. ಸೆರಗನ್ನು ಮೂಗಿಗೆ ಕಟ್ಟಿಕೊಂಡರೆ ಉಸಿರಿನ ಹಬೆ ಗಾಜಿಗೆ ಹತ್ತುತ್ತದೆ ಎಂದು ಕಟ್ಟುತ್ತಿರಲಿಲ್ಲ.

ಕೆಮ್ಮು ನಿಂತ ಮೇಲೆ ಹೇಳಿದರು: “ಹಪ್ಪಳದ ಅಂಚು ಕಂಡೆಯಲ್ಲ, ಅದು ಪೊರೆ. ಒಂದೊಂದು ಜೀವಕೋಶಕ್ಕೂ ಒಂದೊಂದು. ಎರಡೇ ಪದರ ಕೊಬ್ಬು, ಅಷ್ಟೇ ಗೋಡೆ. ಹುಳದ ಮನೆ ಕಿಟಕಿಗೆ ಊಜಿ ನೊಣ ಬರದ ಹಾಗೆ ನೈಲಾನ್ ಬಲೆ ಹೊಡೀತೀವಲ್ಲ, ಹಾಗೆ ಅನ್ಕೊ. ಆದರೆ ಬಲೆಗೆ ಬಂದವರು ಯಾರು ಅಂತ ಗೊತ್ತಾಗಲ್ಲ. ತೂತಿಗಿಂತ ಸಣ್ಣದಾದ್ರೆ ಬಿಡುತ್ತೆ, ದೊಡ್ಡದಾದ್ರೆ ತಡೆಯುತ್ತೆ. ಪೊರೆಗೆ ಗೊತ್ತಾಗುತ್ತೆ. ಅದರಲ್ಲಿ ಬಾಗಿಲುಗಳಿವೆ. ಉಪ್ಪಿಗೆ ಒಂದು, ಸಕ್ಕರೆಗೆ ಒಂದು. ಬೇಕಾದ್ದನ್ನ ಒಳಗೆ ಬಿಟ್ಟುಕೊಳ್ಳುತ್ತೆ, ಬೇಡದ್ದನ್ನ ಹೊರಗೆ ಹಾಕುತ್ತೆ. ಹಗಲೂ ರಾತ್ರಿ ಅದೇ ಕೆಲಸ. ಅದು ಕೈಬಿಟ್ಟರೆ ಜೀವ ಹೋಯ್ತು ಅಂತ.”

“ಮತ್ತೆ ಗಂಟುರೋಗ ಎಂಗ್ ಒಳಿಕ್ ಬತ್ತದೆ?”

“ಅದು ಬಾಗಿಲು ತಟ್ಟಲ್ಲ. ಕಾಳಿನ ಒಳಗೆ ಒಂದು ದಾರ ಸುರುಳಿ ಸುತ್ತಿಕೊಂಡಿರುತ್ತೆ. ಸೊಪ್ಪಿನ ಜೊತೆ ಹುಳದ ಹೊಟ್ಟೆಗೆ ಹೋದಾಗ ಅದು ಚಿಮ್ಮಿ ಪಕ್ಕದ ಕೋಶದ ಪೊರೆ ಚುಚ್ಚುತ್ತೆ. ದಾರ ಟೊಳ್ಳು. ಆ ಟೊಳ್ಳಿನಲ್ಲಿ ತನ್ನ ಜೀವವನ್ನೆಲ್ಲ ಒಳಗೆ ಸುರಿದುಬಿಡುತ್ತೆ. ಅದಕ್ಕೆ ಸ್ವಂತ ಒಲೆ ಇಲ್ಲ. ಆ ಮನೆ ಒಲೆ ಮೇಲೇ ಬೇಯಿಸ್ಕೊಂಡು ತಿಂದು, ಒಂದು ಹೋಗಿ ನೂರಾಗಿ, ಕೊನೆಗೆ ಮನೆ ಒಡಕೊಂಡು ಹೊರಡುತ್ತೆ.”

“ನಮ್ ಮೈದ ಇದ್ದಂಗೆ” ಎಂದಳು ಪುಟ್ಟಸಿದ್ದಮ್ಮ, ಒರಳು ಎತ್ತಿಕೊಳ್ಳುತ್ತ.

ಅಂದಿನಿಂದ ಊಟದ ಹೊತ್ತಿಗೆ ಅವಳೂ ಒಂದು ಗಾಜು ನೋಡತೊಡಗಿದಳು. ರೋಗದ ಕಾಳಿರುವ ಹಳೆಯ ಮಾದರಿ ಗಾಜೊಂದು ಪೆಟ್ಟಿಗೆಯಲ್ಲಿತ್ತು. ಅದನ್ನು ಬೇರೆ ಗಾಜುಗಳ ನಡುವೆ ಬೆರೆಸಿಟ್ಟು ಪರೀಕ್ಷೆಯಮ್ಮ ಅವಳಿಗೆ ಕೊಡುತ್ತಿದ್ದರು. ಎರಡು ತಿಂಗಳಲ್ಲಿ ಅವಳು ತಪ್ಪುವುದನ್ನು ನಿಲ್ಲಿಸಿದಳು.

ಈಗ ಆ ಗುರುವಾರ.

ಪರೀಕ್ಷೆಯಮ್ಮ ಕಣ್ಣು ತೆಗೆಯದೆ ಹೇಳಿದರು: “ಇದೆ.”

ಕೇಂದ್ರದ ಯಜಮಾನರನ್ನು ಕರೆದೆ. ಬಂದು ಬಾಗಿಲ ಬಳಿಯೇ ನಿಂತರು. ಅವರು ಕೆಟ್ಟ ಮನುಷ್ಯರಲ್ಲ. ಅವರನ್ನು ತಪ್ಪಿನಿಂದ ಬಿಡಿಸಲು ಇದನ್ನು ಹೇಳುತ್ತಿಲ್ಲ. ನಡೆದದ್ದು ನಡೆದಂತೆ ತಿಳಿಯಲಿ ಎಂದು ಹೇಳುತ್ತಿದ್ದೇನೆ.

“ಕೈಲಾಂಚ ಕಡೆಯವರು ಮೂವತ್ತು ಮನೆ ಸೊಪ್ಪು ಬೆಳೆಸ್ಕೊಂಡು ಕೂತವ್ರೆ ಕಣಮ್ಮ. ಬೇರೆ ಮೊಟ್ಟೆ ತರ್ಸೋ ಹೊತ್ಗೆ ಸೊಪ್ಪು ಬಲಿತೋಗ್ತದೆ. ದಿನಾ ಬೆಳಗಾದ್ರೆ ಫ್ಯಾಕ್ಟರಿ ಬಸ್ಸು ಊರಿನ ಮುಂದೆ ಬಂದು ನಿಲ್ತಾ ಐತೆ. ಈ ಸಲ ನಾವು ಮೊಟ್ಟೆ ಕೊಡ್ದಿದ್ರೆ ಹಿಪ್ಪುನೇರಳೆ ಕಿತ್ತಾಕಿ ಆ ಬಸ್ಸು ಹತ್ಬುಡ್ತಾರೆ. ಆಮೇಲೆ ನೀವೂ ಇಲ್ಲ, ನಾನೂ ಇಲ್ಲ.”

“ಸುಡಬೇಕು ಸಾರ್” ಎಂದರು ಪರೀಕ್ಷೆಯಮ್ಮ.

ಯಜಮಾನರು ನನ್ನ ಕಡೆ ತಿರುಗಿದರು. “ನೀನು ನೋಡಯ್ಯ. ಓದಿದೋನು.”

ತಟ್ಟೆ ಕೆಳಗಿಟ್ಟು ಬಗ್ಗಿದೆ. ನಡುವಿನಿಂದ ಸ್ವಲ್ಪ ಎಡಕ್ಕೆ ಅದು ಇತ್ತು. ಸುತ್ತ ಕೊಬ್ಬಿನ ಹನಿಗಳು, ದುಂಡಗೆ, ದೊಡ್ಡವು ಚಿಕ್ಕವು. ನಡುವೆ ಇದೊಂದು ನುಚ್ಚಿನಂತೆ ಉದ್ದಗೆ, ಹೊಳೆಯುತ್ತ, ನಡುಗುತ್ತ. ನಾನು ನೋಡಿದೆ. ಆಮೇಲೆ ತಲೆಯೆತ್ತಿ ಹೇಳಿದೆ: “ಕೊಬ್ಬಿನ ಹನಿ ಇರಬೇಕು ಸಾರ್.”

ಕೇಂದ್ರ ಮುಚ್ಚಿದರೆ ನನಗೆ ಬೇರೆ ಕೆಲಸ ಗೊತ್ತಿರಲಿಲ್ಲ. ಕಾರಣ ಇಷ್ಟೇ. ಇದಕ್ಕಿಂತ ದೊಡ್ಡ ಕಾರಣವನ್ನು ಇಷ್ಟು ವರ್ಷ ಹುಡುಕಿದ್ದೇನೆ, ಸಿಕ್ಕಿಲ್ಲ.

ಪರೀಕ್ಷೆಯಮ್ಮ ಕಪಾಟಿನಿಂದ ಕೆಂಪು ಬಣ್ಣದ ಬಾಟಲಿ ತೆಗೆದು, ಗಾಜಿನ ಅಂಚಿಗೆ ಒಂದು ಹನಿ ಬಿಟ್ಟು, ಎದುರು ಅಂಚಿಗೆ ಹೀರುಕಾಗದ ಹಿಡಿದು ಬಣ್ಣವನ್ನು ಒಳಕ್ಕೆ ಎಳೆದರು. “ಕೊಬ್ಬು ಈ ಬಣ್ಣ ಕುಡಿಯುತ್ತೆ ಸಾರ್. ರೋಗದ ಕಾಳಿನ ಗೋಡೆ ಗಟ್ಟಿ, ಅದು ಕುಡಿಯಲ್ಲ. ಹತ್ತು ನಿಮಿಷ ಬಿಟ್ಟು ನೋಡೋಣ.” ಆ ಹತ್ತು ನಿಮಿಷ ಹೊರಗೆ ರಸ್ತೆ ಅಗೆಯುವ ಯಂತ್ರದ ಸದ್ದಿಗೆ ಒರಳುಗಳು ತಟ್ಟೆಯಲ್ಲಿ ಸಣ್ಣಗೆ ಗಲಗಲಿಸುತ್ತಿದ್ದವು.

ಮತ್ತೆ ನನ್ನನ್ನೇ ನೋಡಲು ಹೇಳಿದರು. ಹನಿಗಳೆಲ್ಲ ಕಿತ್ತಳೆ ಬಣ್ಣಕ್ಕೆ ತಿರುಗಿದ್ದವು. ಅದೊಂದು ಬಿಳಿಯಾಗಿಯೇ ಇತ್ತು.

“ಗೊತ್ತಾಗ್ತಾ ಇಲ್ಲ” ಎಂದೆ.

ಆಗ ಅವರು ಒರಳು ತೊಳೆಯುವ ತೊಟ್ಟಿಯ ಕಡೆ ತಿರುಗಿ ಕರೆದರು. ಪುಟ್ಟಸಿದ್ದಮ್ಮ ಸೆರಗಿಗೆ ಕೈ ಒರೆಸಿಕೊಂಡು ಬಂದು, ಎರಡೂ ಕಣ್ಣು ತೆರೆದುಕೊಂಡೇ ನೋಡಿದಳು.

“ಎಲ್ಲಾ ಕೆಂಪಗಾಗವೆ. ಒಂದ್ ಮಾತ್ರ ಬೆಳ್ಳಗೈತೆ. ನುಚ್ಚಿನಂಗೆ.” ತಲೆಯೆತ್ತಿ ಯಜಮಾನರಿಗೆ ನೇರವಾಗಿ ಹೇಳಿದಳು: “ಐತೆ ಸಾಮಿ.”

“ಒರಳು ತೊಳೆಯೋಳ ಹತ್ರ ನಾನು ರೋಗ ಕೇಳ್ಬೇಕಾ?”

“ಹಾಗಾದರೆ ನೀವೇ ನೋಡಿ ಸಾರ್” ಎಂದು ಪರೀಕ್ಷೆಯಮ್ಮ ಎದ್ದು ಕುರ್ಚಿ ಬಿಟ್ಟುಕೊಟ್ಟರು.

ಯಜಮಾನರು ಮೇಜಿನ ತನಕ ಬಂದರು. ಬಗ್ಗಲಿಲ್ಲ. ಪುಸ್ತಕವನ್ನು ನನ್ನ ಮುಂದೆ ತಳ್ಳಿದರು. ನಾನು ‘ರೋಗರಹಿತ’ ಎಂದು ಬರೆದು ಸಹಿ ಹಾಕಿದೆ. ಪರೀಕ್ಷಕರ ಸಹಿಯ ಜಾಗ ಖಾಲಿ ಇತ್ತು. ಯಜಮಾನರು ಹೇಳಿದಂತೆ ಅಲ್ಲಿ ‘ರಜೆ’ ಎಂದು ಬರೆದೆ. ಪರೀಕ್ಷೆಯಮ್ಮ ಅಲ್ಲೇ ನಿಂತಿದ್ದರು. ನಾನು ಬರೆಯುವುದನ್ನು ಓದುತ್ತಿದ್ದರು.

ಅವರು ಪ್ರತಿದಿನದಂತೆ ಮೊಣಕೈವರೆಗೆ ಬ್ಲೀಚಿಂಗ್ ನೀರಲ್ಲಿ ಕೈ ತೊಳೆದರು. ಸೂಕ್ಷ್ಮದರ್ಶಕಕ್ಕೆ ಅದರ ಬಟ್ಟೆ ಹೊದಿಸಿದರು. ಮತ್ತೆ ಆ ಕೋಣೆಗೆ ಬರಲಿಲ್ಲ. ಪುಟ್ಟಸಿದ್ದಮ್ಮನೂ ಬರಲಿಲ್ಲ.

ಮೊಟ್ಟೆಯ ಹಾಳೆಗಳು ಕೈಲಾಂಚಕ್ಕೆ ಹೋದ ದಿನ ಇವರಿಬ್ಬರೂ ಬಸ್ಸಿನಲ್ಲಿ ಅಲ್ಲಿಗೆ ಹೋಗಿದ್ದರೆಂದು ಪುಟ್ಟಸಿದ್ದಮ್ಮ ನನಗೆ ಬಹಳ ಕಾಲದ ನಂತರ ಹೇಳಿದಳು. ಮನೆಮನೆಗೆ ಹೋಗಿ, ಮೊಟ್ಟೆ ಒಡೆದು ಮರಿ ಬರುವ ಮೊದಲು ಸುಟ್ಟುಬಿಡಿ ಎಂದು ಕೇಳಿಕೊಂಡರಂತೆ. ನಾಲ್ಕು ಮನೆಯವರು ಕೇಳಿದರು. ಉಳಿದವರು ಹಾಳೆಯ ಜೊತೆ ಬಂದ ಕಾಗದ ತೋರಿಸಿದರು. “ರೋಗ ಇಲ್ಲ ಅಂತ ಬರ್ದೈತಲ್ಲಮ್ಮ. ಇದ್ಯಾರ್ದು ಸೈನು?” ಎಂದು ಒಬ್ಬ ಮುದುಕ ಕೇಳಿದನಂತೆ. ನನ್ನದು. “ಓದಿದ ಹುಡುಗ” ಎಂದಷ್ಟೇ ಹೇಳಿ ಪರೀಕ್ಷೆಯಮ್ಮ ಮುಂದಿನ ಮನೆಗೆ ನಡೆದರಂತೆ.

ಹುಳ ಸೊಪ್ಪು ಬಿಟ್ಟು ಪೊರೆ ಕಳಚುವುದಕ್ಕೆ ಜ್ವರ ಎನ್ನುತ್ತಾರೆ. ಮೂರನೇ ಜ್ವರ ಕಳೆಯುವ ಹೊತ್ತಿಗೆ ನಾನೇ ಹೋಗಿ ನೋಡಿದೆ. ಪೊರೆ ಬಿಟ್ಟು ಒಂದೇ ಸಮ ಏಳಬೇಕಾದ ಹುಳಗಳು ಒಂದೇ ತಟ್ಟೆಯಲ್ಲಿ ಮೂರು ಅಳತೆಯಲ್ಲಿದ್ದವು. ಮೈಮೇಲೆ ಮೆಣಸಿನ ಪುಡಿ ಉದುರಿಸಿದಂಥ ಚುಕ್ಕೆ. ಸೊಪ್ಪು ಹಾಕಿದರೆ ತಲೆ ಎತ್ತುತ್ತಿರಲಿಲ್ಲ. ತಟ್ಟೆಗಟ್ಟಲೆ ಹೊತ್ತು ತಂದು ಗುಂಡಿಗೆ ಸುರಿದು, ಸುಣ್ಣ ಹಾಕಿ ಮಣ್ಣು ಮುಚ್ಚಿದರು. ನನ್ನನ್ನು ಯಾರೂ ಬೈಯಲಿಲ್ಲ. ಕಾಗದದ ಮೇಲಿನ ಸಹಿ ನನ್ನದೆಂದು ಅವರಿಗೆ ತಿಳಿದಿರಲಿಲ್ಲ, ನಾನೂ ಹೇಳಲಿಲ್ಲ. ಒಬ್ಬ ಹೆಂಗಸು ನನಗೆ ಕಾಫಿ ಕೊಟ್ಟಳು.

ಮರುವರ್ಷ ಆ ಕಡೆ ಅರ್ಧದಷ್ಟು ಹಿಪ್ಪುನೇರಳೆ ತೋಟ ಇರಲಿಲ್ಲ. ಎಲ್ಲವೂ ಆ ಮೊಟ್ಟೆಯಿಂದಲೇ ಆಯಿತು ಎಂದು ನಾನು ಹೇಳಲಾರೆ. ಆದರೆ ಯಜಮಾನರು ಹೆದರಿದ್ದ ಬಸ್ಸನ್ನು ಜನ ಹತ್ತಿದರು. ಕೇಂದ್ರದ ಜಾಗದಲ್ಲಿ ಈಗ ಒಂದು ಗೋದಾಮು ಇದೆ. ನಾನೂ ಒಂದು ಕಾರ್ಖಾನೆಯ ಉಗ್ರಾಣದಲ್ಲಿ ಲೆಕ್ಕದ ಪುಸ್ತಕ ಬರೆಯಲು ಸೇರಿದೆ. ಎರಡು ವರ್ಷ ಪರೀಕ್ಷೆಯಮ್ಮನನ್ನು ನೋಡಲು ಹೋಗಲಿಲ್ಲ.

ಹೋದಾಗ ಅವರು ಚನ್ನಪಟ್ಟಣದಲ್ಲಿ ತಂಗಿಯ ಮನೆಯಲ್ಲಿದ್ದರು. ಮಲಗಿದರೆ ಉಸಿರಾಡಲು ಆಗುತ್ತಿರಲಿಲ್ಲವಾದ್ದರಿಂದ ಗೋಡೆಗೆ ದಿಂಬು ಕೊಟ್ಟು ಕೂತಿದ್ದರು. ಕಣ್ಣಿನ ಸುತ್ತಲ ಬಳೆ ಆಗ ಮಾಸಿತ್ತು. ಅದಿಲ್ಲದೆ ಅವರ ಮುಖ ಬೇರೆ ಯಾರದೋ ಎನ್ನುವಂತಿತ್ತು.

“ಚಿಟ್ಟೆ ಪುಡಿ ಕಣಪ್ಪ. ಡಾಕ್ಟ್ರು ಹಾಗಂದ್ರು.” ಒಂದೊಂದು ಮಾತಿಗೂ ನಿಲ್ಲುತ್ತಿದ್ದರು. “ಶ್ವಾಸಕೋಶದಲ್ಲೂ ಅದೇ ಏರ್ಪಾಡು. ಗಾಳಿ ಒಂದು ಕಡೆ, ರಕ್ತ ಒಂದು ಕಡೆ. ನಡುವೆ ಎಷ್ಟು ತೆಳ್ಳಗಿರಬೇಕು ಗೊತ್ತಾ. ನನ್ನದು ದಪ್ಪ ಆಗಿಬಿಟ್ಟಿದೆ. ಗಾಳಿ ಬಾಗಿಲ ತನಕ ಬರುತ್ತೆ, ದಾಟಲ್ಲ.”

ನಾನು ಹೇಳಲು ಬಂದದ್ದನ್ನು ಶುರುಮಾಡಿದೆ. “ಅಮ್ಮಾ, ಅವತ್ತು ನಾನು...”

“ಕಂಡಿತ್ತು ನಿನಗೆ.”

“ನಿಮಗೆ ಹೇಗೆ ಗೊತ್ತಾಯ್ತು?”

“ನಿನ್ನ ಹೆಬ್ಬೆಟ್ಟು ಚಿಕ್ಕ ತಿರುಪಿಗೆ ಹೋಯ್ತು. ಕೊಬ್ಬಿನ ಹನಿ ನೋಡೋಕೆ ಯಾರೂ ಫೋಕಸ್ ಸರಿ ಮಾಡ್ಕೊಳ್ಳಲ್ಲ.”

ನನಗೆ ಅದು ನೆನಪಿರಲಿಲ್ಲ. ಅವರು ಹೇಳಿದ ಮೇಲೆ ಬೆರಳಿಗೆ ನೆನಪಾಯಿತು. ನಾನು ಅಳುತ್ತೇನೆಂದು ಅವರಿಗೆ ಅನ್ನಿಸಿರಬೇಕು. ಸಮಾಧಾನ ಹೇಳಲಿಲ್ಲ, ಕ್ಷಮಿಸಿದೆ ಎಂದೂ ಹೇಳಲಿಲ್ಲ. ತಂಗಿ ನೀರು ತಂದುಕೊಟ್ಟರು, ಎರಡು ಗುಟುಕು ಕುಡಿದರು. ಉಸಿರು ಕೂಡಿಸಿಕೊಳ್ಳಲು ಬಹಳ ಹೊತ್ತು ಹಿಡಿಯಿತು.

“ಬರೆಯೋದು ಬರುತ್ತಲ್ಲ ನಿನಗೆ. ಎಲ್ಲಾದರೂ ಒಂದು ಕಡೆ ಸರಿಯಾಗಿ ಬರೆದಿಡು. ನಾನು ಅವತ್ತು ರಜೆ ಹಾಕಿರಲಿಲ್ಲ.”

ಮುಂದಿನ ತಿಂಗಳು ಅವರು ಹೋದರು. ನನಗೆ ಸುದ್ದಿ ಬಂದದ್ದು ಮೂರು ದಿನ ಕಳೆದ ಮೇಲೆ, ಪುಟ್ಟಸಿದ್ದಮ್ಮ ಚನ್ನಪಟ್ಟಣದ ಬಸ್ ನಿಲ್ದಾಣದಲ್ಲಿ ಸಿಕ್ಕಾಗ. ಕೊನೆಯ ದಿನ ಜೊತೆಯಲ್ಲಿದ್ದವಳು ಅವಳೇ. ನನ್ನನ್ನು ನೋಡಿ ಮುಖ ತಿರುಗಿಸಲಿಲ್ಲ. ಅಷ್ಟೂ ಹೊತ್ತು ನಾನೇ ನೆಲ ನೋಡುತ್ತಿದ್ದೆ.

ಬರೆಯಲು ನನಗೆ ಇಷ್ಟು ವರ್ಷ ಬೇಕಾಯಿತು. ಬರೆಯುತ್ತಿದ್ದೇನೆ. ಆ ಗುರುವಾರ ಪರೀಕ್ಷೆಯಮ್ಮ ರಜೆಯಲ್ಲಿರಲಿಲ್ಲ. ಬೆಳಿಗ್ಗೆ ಒಂಬತ್ತಕ್ಕೆ ಬಂದು, ಹನ್ನೊಂದಕ್ಕೆ ಹತ್ತು ನಿಮಿಷ ಇರುವಾಗ ಆ ಗಾಜಿನಲ್ಲಿ ರೋಗವನ್ನು ಕಂಡರು, ಕಂಡದ್ದನ್ನು ಹೇಳಿದರು. ಅದು ಕೊಬ್ಬಿನ ಹನಿಯಲ್ಲ.

ಅದನ್ನು ಕಂಡವರು ಮೂವರು. ಒಬ್ಬರು ಈಗಿಲ್ಲ. ಇನ್ನೊಬ್ಬ ನಾನು. ಮೂರನೆಯವಳು ಪುಟ್ಟಸಿದ್ದಮ್ಮ, ಹೊಂಗನೂರಿನಲ್ಲಿದ್ದಾಳೆ. ಮಂಡಿ ನೋವು ಬಿಟ್ಟರೆ ಚೆನ್ನಾಗಿದ್ದಾಳೆ, ಕಣ್ಣು ಈಗಲೂ ಚುರುಕು. ಯಾರು ಹೋಗಿ ಕೇಳಿದರೂ ಅವತ್ತು ಹೇಳಿದ್ದನ್ನೇ ಹೇಳುತ್ತಾಳೆ.