ಹೊಂಡದಲ್ಲಿ ಸಿಕ್ಕ ಎಡಗಾಲಿನ ಚಪ್ಪಲಿ

ಸ್ನೇಹಿತರೇ, ಇವತ್ತು ಬೆಳಿಗ್ಗೆ ಅವರ್ಸಾದ ನಮ್ಮ ಹಿತ್ತಿಲಲ್ಲಿ ಒಂದು ತೆಂಗಿನ ಸಸಿ ನೆಡಲು ಹೋಗಿ ಆಯಿಗೂ, ಅಂದರೆ ನನ್ನ ಅಮ್ಮನಿಗೂ, ನನ್ನ ಮಗಳಿಗೂ ಜಗಳ ಬಂತು.

ಹೊಂಡ ತೋಡುತ್ತಿದ್ದವಳು ನಾನು. ಬುಡಕ್ಕೆ ಹಾಕಲು ಆಯಿ ಉಪ್ಪು ಹಿಡಿದು ನಿಂತಿದ್ದಳು. ಮೊದಲು ಹಾಲಿನ ಪ್ಯಾಕೆಟ್ಟುಗಳು ಸಿಕ್ಕವು. ಅವುಗಳ ಕೆಳಗೆ ಗುಲಾಬಿ ಬಣ್ಣದ ಒಂದು ಪುಟ್ಟ ಪ್ಲಾಸ್ಟಿಕ್ ಚಪ್ಪಲಿ ಸಿಕ್ಕಿತು. ಬಣ್ಣ ಕೂಡ ಮಾಸಿರಲಿಲ್ಲ.

ಮಗಳು ಭೂವಿಜ್ಞಾನ ಓದುತ್ತಾಳೆ. ಕೂಡಲೇ ಫೋಟೊ ತೆಗೆದಳು. "ಅಜ್ಜಿ, ಮನುಷ್ಯರು ಭೂಮಿಯ ಪದರಾನೇ ಬದಲಾಯಿಸಿಬಿಟ್ಟಿದ್ದಾರೆ. ಈ ಕಾಲಕ್ಕೆ ಮಾನವಯುಗ ಅಂತ ಹೆಸರಿಡ್ಬೇಕು ಅಂತಾರೆ ಕೆಲವರು, ಎಲ್ಲಾ ವಿಜ್ಞಾನಿಗಳು ಒಪ್ಪಿಲ್ಲ. ಈ ಚಪ್ಪಲಿ ಸಾವಿರ ವರ್ಷ ಆದ್ರೂ ಮಣ್ಣಾಗೂದಿಲ್ಲ."

ಆಯಿಗೆ ಚಪ್ಪಲಿಯ ಗುರುತು ಹತ್ತಿತ್ತು. "ನಿನ್ನ ಅಮ್ಮಂದು ಇದು. ನಾಯಿ ಕಚ್ಕಂಡು ಹೋದಾಗ ಎಷ್ಟು ಅತ್ತಿದ್ಲು," ಎನ್ನುತ್ತ ಒಳಗೆ ಹೋದಳು. ಬರುವಾಗ ಕೈಯಲ್ಲಿ ಬಲಗಾಲಿನದು ಇತ್ತು. ಕಳೆದುಹೋದದ್ದು ಎಂದಾದರೂ ಸಿಕ್ಕೀತೆಂದು ಇಷ್ಟು ವರ್ಷ ಅಟ್ಟದ ಮೇಲೆ ಇಟ್ಟಿದ್ದಳಂತೆ. ನನಗೀಗ ನಲವತ್ತಾರು.

ಎರಡನ್ನೂ ಜೋಡಿಸಿ ಹೊಂಡದೊಳಗೆ ಇಟ್ಟಳು.

"ಪ್ಲಾಸ್ಟಿಕ್ ಮಣ್ಣಿಗೆ ಹಾಕ್ಬಾರ್ದು ಅಜ್ಜಿ," ಮಗಳು ರೇಗಿದಳು. "ಈಗಷ್ಟೇ ಹೇಳಿದ್ನಲ್ಲ."

"ನೀ ಹೇಳಿದ್ದಕ್ಕೇ ಹಾಕಿದ್ದು. ಸಾವ್ರ ವರ್ಷ ಬಿಟ್ಟು ತೋಡಿದವ್ರು ಒಂದೇ ಚಪ್ಪಲಿ ನೋಡಿ, ಪಾಪ, ಈ ಮನೆ ಕೂಸಿಗೆ ಒಂದೇ ಕಾಲಿತ್ತು ಅಂದ್ಕಂಡಾರು."

ವಿಜ್ಞಾನದ ಪರವಾಗಿ ನಾನು ಏನಾದರೂ ಹೇಳಬೇಕಿತ್ತು. ಚಪ್ಪಲಿಗಳ ಮೇಲೆ ಸಸಿ ಇಟ್ಟು ಮಣ್ಣೆಳೆದೆ.