ಭರಣಿಯಲ್ಲಿ ನಾನು ಬದಲಿಸಿದ ಉಪ್ಪು

ವೈನಿ, ಆ ದಿನ ಪಾವು ಉಪ್ಪಾದದ್ದು ನಿಮ್ಮ ತಪ್ಪಿನಿಂದಲ್ಲ. ಭರಣಿಯಲ್ಲಿದ್ದ ಉಪ್ಪನ್ನು ನಾನೇ ಬದಲಿಸಿದ್ದೆ. ಆರು ವರ್ಷ ಈ ಮಾತನ್ನು ಬಾಯಲ್ಲಿಟ್ಟುಕೊಂಡು ಕೂತಿದ್ದೇನೆ — ನುಂಗಲೂ ಆಗಿಲ್ಲ, ಉಗುಳಲೂ ಆಗಿಲ್ಲ.

ಅಣ್ಣ ತೀರಿಹೋದ ಮೇಲೆ ನೀವು ಖಾನಾಪುರ ಬಿಟ್ಟು ಸದಾಶಿವನಗರದ ನನ್ನ ಮನೆಗೆ ಬಂದಿರಿ. ಮದುವೆಯಾಗದ ನಾದಿನಿ, ಮಕ್ಕಳಿಲ್ಲದ ಅತ್ತಿಗೆ — ಒಬ್ಬರಿಗೊಬ್ಬರು ಸಾಕಾಗಿತ್ತು. ನಾನು ಕಚೇರಿಗೆ, ನೀವು ಅಡುಗೆಮನೆಗೆ. ಗೋವೆಯ ನೆರೆಯಾಕೆಯಿಂದ ನೀವು ಪಾವು ಬ್ರೆಡ್ಡು ಮಾಡಲು ಕಲಿತಿದ್ದಿರೆಂದು ಓವನ್ ತಂದುಕೊಟ್ಟೆ. ಅದಕ್ಕೂ ಅರಿಶಿನ ಕುಂಕುಮ ಹಚ್ಚಿದಿರಿ. ನಾನು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೆ.

ಜಗಳವೆಂದರೆ ಉಪ್ಪಿನದೊಂದೇ. ನಿಮಗೆ ಹಿಟ್ಟಿಗೂ ಸಾರಿಗೂ ಗೋವೆಯ ಕಡೆಯಿಂದ ಬರುವ ಸಮುದ್ರದ ಹರಳುಪ್ಪೇ ಬೇಕು. "ಪಾಕೀಟಿನ ಉಪ್ಪು ನಾಲಿಗಿ ಚುಚ್ಚತೈತಿ ಶಾಂತಾ. ಇದು ಹಿಟ್ಟಿನ ರುಚಿ ಎಬ್ಬಸತೈತಿ" ಎನ್ನುತ್ತಿದ್ದಿರಿ. ನನಗೋ ಅದರ ಬೂದು ಬಣ್ಣ, ಮಳೆಗಾಲದಲ್ಲಿ ಭರಣಿಯ ತಳದಲ್ಲಿ ನಿಲ್ಲುವ ನೀರು ಕಂಡರೇ ಆಗುತ್ತಿರಲಿಲ್ಲ.

ನಾನು ನಿವೃತ್ತಳಾದಾಗ ಕಚೇರಿಯವರನ್ನೆಲ್ಲ ಮನೆಗೆ ಊಟಕ್ಕೆ ಕರೆದೆ. ಪಾವು, ಅದನ್ನು ಅದ್ದಿ ತಿನ್ನಲು ಪಾತಳ ಭಾಜಿ ನಿಮ್ಮ ಪಾಲಿನದು. ಅಂದು ಬೆಳಿಗ್ಗೆ, ಯಾರಾದರೂ ಅಡುಗೆಮನೆಗೆ ಬಂದು ನೋಡಿದರೆ ಏನೆಂದುಕೊಂಡಾರು ಎಂದು, ಭರಣಿ ತೊಳೆದು ಪಾಕೀಟಿನ ಪುಡಿ ಉಪ್ಪು ತುಂಬಿಟ್ಟೆ. ನಿಮಗೆ ಹೇಳಲಿಲ್ಲ — ಹೇಳಿದ್ದರೆ ಮತ್ತೆ ನೀವೇ ಗೆಲ್ಲುತ್ತಿದ್ದಿರಿ. ನಿಮ್ಮ ಕಣ್ಣಿಗೆ ಪೊರೆ ಬಂದದ್ದು ನನಗೆ ಗೊತ್ತಿತ್ತು. ಹಿಟ್ಟು ಹತ್ತಿದ ಕೈಯನ್ನು ಉಪ್ಪಿಗೆ ತಾಕಿಸದೆ ಚಮಚದಲ್ಲೇ ಅಳೆಯುತ್ತೀರೆಂದೂ ಗೊತ್ತಿತ್ತು. ಪುಡಿ ಉಪ್ಪು ಚಮಚದಲ್ಲಿ ಒತ್ತಾಗಿ ಕೂರುತ್ತದೆ, ಹರಳಿನ ಲೆಕ್ಕದಲ್ಲಿ ಹಾಕಿದರೆ ಹೆಚ್ಚಾಗುತ್ತದೆ — ಇದು ಮಾತ್ರ ನನಗೆ ಹೊಳೆಯಲಿಲ್ಲ. ಅಂದು ಸಂಕಷ್ಟಿ ಬೇರೆ. ಚಂದ್ರನನ್ನು ನೋಡುವವರೆಗೆ ನೀವು ಉಪವಾಸ. ರುಚಿ ನೋಡುವವರೂ ಅಲ್ಲ.

ಮೊದಲ ತುತ್ತಿಗೇ ಎಲ್ಲರ ಕೈ ನೀರಿನ ಲೋಟಕ್ಕೆ ಹೋಯಿತು. ಕಾರಣ ನನಗೆ ಆಗಲೇ ತಿಳಿಯಿತು — ಆಗಲೇ, ವೈನಿ. ಆದರೂ ನಗುತ್ತ ಹೇಳಿದೆ: "ತಪ್ಪು ತಿಳಕೋಬ್ಯಾಡ್ರಿ. ನಮ್ಮ ವೈನಿಗೆ ಈಗ ಕಣ್ಣು ಕಾಣೂದಿಲ್ಲ, ಕೈ ಅಳತಿನೂ ತಪ್ಪೈತಿ."

ನೀವು ಬಿಸಿ ಪಾವಿನ ತಾಟು ಹಿಡಿದು ಬಾಗಿಲಲ್ಲೇ ನಿಂತಿದ್ದಿರಿ.

"ಖರೇ ಐತ್ರಿ" ಎಂದಿರಿ ಅವರಿಗೆ. "ವಯಸ್ಸಾತು."

ಉಪ್ಪು ತಿಂದವರು ನೀರು ಕುಡಿಯಲೇಬೇಕು ಎನ್ನುತ್ತಾರೆ. ಉಪ್ಪು ಬದಲಿಸಿದವಳು ನಾನು, ನೀರು ಕುಡಿದವರು ನೀವು. ಮರುದಿನದಿಂದ "ಉಪ್ಪು ನೀನ ಹಾಕು" ಎನ್ನತೊಡಗಿದಿರಿ. ಪೊರೆ ತೆಗೆಸಿದೆವು, ಪೇಪರ್ ಓದುವಷ್ಟು ಕಣ್ಣು ಬಂತು. ಆದರೂ ನೀವು ಆ ಭರಣಿ ಮುಟ್ಟಲಿಲ್ಲ. ಕೊನೆಗೊಂದು ದಿನ ಖಾನಾಪುರದ ತಮ್ಮನ ಮನೆಗೆಂದು ಸೀರೆಗಳನ್ನು ಮಡಿಸುತ್ತ, "ನಿನ್ನ ಮನ್ಯಾಗ ಬರೇ ಕುಂತು ಎಷ್ಟ ದಿನ ಉಣ್ಣಲಿ?" ಎಂದಿರಿ. ಒಂದೇ ಒಂದು ವಾಕ್ಯ ಸಾಕಿತ್ತು, ನೀವು ಉಳಿಯುತ್ತಿದ್ದಿರಿ. ನಾನು ರಿಕ್ಷಾ ಕರೆದೆ.

ಈಗ ನಾನೂ ಹರಳುಪ್ಪನ್ನೇ ಹಾಕಿ ಪಾವು ಮಾಡುತ್ತೇನೆ. ಒಂದು ಸಲಕ್ಕೆ ಎಂಟು ಆಗುತ್ತವೆ. ಎರಡು ತಿನ್ನುತ್ತೇನೆ, ಉಳಿದವು ಒಣಗುತ್ತವೆ. ಚೆನ್ನಾಗಿದೆ ಎನ್ನಲೂ, ಚೆನ್ನಾಗಿಲ್ಲ ಎನ್ನಲೂ ಮನೆಯಲ್ಲಿ ಯಾರೂ ಇಲ್ಲ. ಈ ಒಂಟಿತನ ಕಾಡಿದ್ದಕ್ಕೇ ಈಗ ನಿಜ ನೆನಪಾಯಿತೇ ಎಂದು ನೀವು ಕೇಳಬಹುದು — ಕೇಳಿ.

ಹೋದ ವಾರ ಫೋನು ಮಾಡಿದಾಗ ನಿಮ್ಮ ತಮ್ಮನ ಹೆಂಡತಿ ಹೇಳಿದರು: "ಅವರು ಒಲಿ ಕಡೆ ಬರೂದ ಇಲ್ರಿ. ಪಲ್ಯಾಕ್ಕ ಉಪ್ಪು ಹಾಕ್ರಿ ಅಂದ್ರ ಚಮಚಾ ನನ್ನ ಕೈಯಾಗ ಕೊಟ್ಟ ಹೊರಗ ಹೋಗ್ತಾರ." ಆಮೇಲೆ ಆ ದಿನದ ಊಟಕ್ಕೆ ಬಂದಿದ್ದವರಿಗೆ ಒಬ್ಬೊಬ್ಬರಾಗಿ ಫೋನು ಮಾಡಿ ನಡೆದದ್ದನ್ನು ಹೇಳತೊಡಗಿದೆ. ಮೊದಲನೆಯವಳೇ "ಯಾವ ಪಾವು?" ಎಂದಳು. ಅವರ್ಯಾರಿಗೂ ನೆನಪಿಲ್ಲ, ವೈನಿ. ಅಂಥವರ ಎದುರಿನ ಮಾನಕ್ಕೆ ನಾನು ನಿಮ್ಮನ್ನು ಕಳೆದುಕೊಂಡೆ.

ಭಾನುವಾರ ಖಾನಾಪುರಕ್ಕೆ ಬರುತ್ತೇನೆ. ನಿಮ್ಮ ತಮ್ಮನ ಮನೆಯವರೆಲ್ಲರ ಎದುರು ಇದನ್ನೇ ಬಾಯಿಬಿಟ್ಟು ಹೇಳುತ್ತೇನೆ. ವಾಪಸು ಬನ್ನಿ ಎಂದು ಮಾತ್ರ ಕೇಳುವುದಿಲ್ಲ. ಕೇಳಿದರೆ ನೀವು ಬಂದುಬಿಡುತ್ತೀರಿ — ಅದು ನನಗೆ ಗೊತ್ತು.