ಅವ್ವನ ಹದಿನಾರು ಬಣ್ಣ

ಬಿಸಿಯಾದ ಧೂಳಿನ ವಾಸನೆ ಎಲ್ಲೇ ಮೂಗಿಗೆ ಬಡಿಯಲಿ, ನನಗೆ ಭಾರತೀನಗರದ ನಮ್ಮ ಹೆಂಚಿನ ಮನೆ ನೆನಪಾಗುತ್ತದೆ. ನಡುಮನೆಯ ಮೂಲೆಯಲ್ಲಿ, ರಾಗಿ ಮೂಟೆಗಳ ಪಕ್ಕ, ಚಾಲೂ ಮಾಡಿದರೆ ಅದೇ ವಾಸನೆ ಬೀರುವ ಅತ್ತೆಯ ಹಳೇ ಕಂಪ್ಯೂಟರ್ ಇತ್ತು. ಅತ್ತೆ ಅಂದರೆ ಅಪ್ಪನ ತಂಗಿ, ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದಳು. ನನಗೆ ಆರು ವರ್ಷವಾಗಿದ್ದಾಗ ಅವ್ವ ತೀರಿಕೊಂಡಳು. ಗೋಡೆಯ ಮೇಲಿದ್ದ ಅವಳ ಫೋಟೊ ಗೆದ್ದಲಿನ ಪಾಲಾಗುವ ಮುಂಚೆಯೇ ಅತ್ತೆ ಅದನ್ನು ಸ್ಕ್ಯಾನ್ ಮಾಡಿ, ಹದಿನಾರೇ ಬಣ್ಣಕ್ಕೆ ಇಳಿಸಿ ಇಟ್ಟಿದ್ದಳು. ಉಳಿದದ್ದು ಅದೊಂದೇ ಚಿತ್ರ. ಕಂಪ್ಯೂಟರ್ ಆರಿಸುವಾಗ ಅದು ಪಕ್ಕನೆ ಮಾಯವಾದರೆ ನಾನು ಊರು ಕೇಳುವಂತೆ ಅಳುತ್ತಿದ್ದೆ. ಅದಕ್ಕೇ ಅತ್ತೆ ಒಂದು ಪ್ರೋಗ್ರಾಂ ಬರೆದಳು. ಚಿತ್ರದ ಒಂದೊಂದು ಚುಕ್ಕಿಯಲ್ಲೂ ಇರುವುದು ಬಣ್ಣದ ನಂಬರು ಮಾತ್ರ, ಆ ನಂಬರಿಗೆ ಯಾವ ಬಣ್ಣ ಎಷ್ಟು ಅನ್ನುವ ಅಂಕಿಗಳು ಬೇರೆ ಒಂದು ಪಟ್ಟಿಯಲ್ಲಿರುತ್ತವೆ. ಚುಕ್ಕಿಗಳನ್ನು ಮುಟ್ಟುವಂತಿಲ್ಲ, ಆ ಪಟ್ಟಿಯ ಅಂಕಿಗಳನ್ನು ಮಾತ್ರ ಇಷ್ಟಿಷ್ಟೇ ಇಳಿಸುತ್ತ ಸೊನ್ನೆಗೆ ತರುವುದು. ಅವ್ವ ಮೆಲ್ಲಗೆ ಕತ್ತಲಾಗಿ, ಮತ್ತೆ ಮೆಲ್ಲಗೆ ಮೂಡುತ್ತಿದ್ದಳು. ಅಪ್ಪ ಮಾತ್ರ ಆ ಕಡೆ ತಲೆ ಹಾಕುತ್ತಿರಲಿಲ್ಲ. ಅವ್ವನ ಹೆಸರೆತ್ತಿದರೆ ಎದ್ದು ಕಬ್ಬಿನ ಗದ್ದೆಗೆ ಹೋಗಿಬಿಡುತ್ತಿದ್ದ.

ಹತ್ತು ತುಂಬುವಷ್ಟರಲ್ಲಿ ನನಗೆ ಎಲ್ಲಾ ಬಂದುಬಿಟ್ಟಿದೆ ಅನ್ನುವ ಜಂಬ. ಒಂದು ಭಾನುವಾರ ಆ ಪ್ರೋಗ್ರಾಂ ನಾನೇ ಬರೆಯಲು ಕೂತೆ. ಇಳಿಸುವ ಮುಂಚೆ ಪಟ್ಟಿಯ ನಕಲು ತೆಗೆದಿಡು ಅಂತ ಅತ್ತೆ ನೂರು ಸಲ ಹೇಳಿದ್ದಳು. ಕೇಳುವವರು ಯಾರು? ಬಣ್ಣವೆಲ್ಲ ಸೊನ್ನೆಯಾದ ಮೇಲೆ ಹಳೇ ಫೈಲಿನ ಮೇಲೆಯೇ ಸೇವ್ ಮಾಡಿಯೂ ಬಿಟ್ಟೆ. ಅವ್ವ ಮತ್ತೆ ಮೂಡಲಿಲ್ಲ. ನನ್ನ ಕೈಯಾರೆ ಅವ್ವನನ್ನು ಕಳೆದೆನಲ್ಲ ಅಂತ ಬಿಕ್ಕಿ ಬಿಕ್ಕಿ ಸುಸ್ತಾದೆ. ಅತ್ತೆ ಬಂದು ನೋಡಿದಳು, ಬೈಯಲಿಲ್ಲ.

"ಅಳ್‌ಬ್ಯಾಡ ಕಣ್ ಮಗ. ನಿಮ್ಮವ್ವ ಎಲ್ಲೂ ಓಗಿಲ್ಲ, ಚುಕ್ಕಿ ಎಲ್ಲಾ ಅಂಗೇ ಅವೆ. ಬಣ್ಣ ತುಂಬ್ಬೇಕು ಅಷ್ಟೆ."

ಪಟ್ಟಿಯ ಒಂದೊಂದು ನಂಬರಿಗೂ ಸರದಿಯಂತೆ ಬಿಳಿ ಕೊಟ್ಟು, ಕತ್ತಲಲ್ಲಿ ಬೆಳಗಿದ ಭಾಗ ನೋಡಿ ಯಾವುದು ಸೀರೆ, ಯಾವುದು ಬಳೆ ಅಂತ ಗುರುತು ಹಾಕಿಕೊಂಡಳು. ಆಮೇಲೆ ಅಂದಾಜಿನ ಮೇಲೆ ಸೀರೆಗೆ ನೀಲಿ ತುಂಬಿದಳು. ಅಪ್ಪ ಯಾವಾಗ ಬಾಗಿಲಿಗೆ ಬಂದು ನಿಂತಿದ್ದನೋ.

"ನೀಲಿ ಅಲ್ಲ ಕಣವ್ವ. ಎಳೇ ಬತ್ತದ ಪೈರಿನ ಅಸ್ರು. ಮದ್ದೂರಿಂದ ನಾನೇ ತಂದ್ಕೊಟ್ಟಿದ್ದು."

ನಾಲ್ಕು ವರ್ಷದಲ್ಲಿ ಅವ್ವನ ಬಗ್ಗೆ ಅವನಾಡಿದ ಮೊದಲ ಮಾತು ಅದು. ಸ್ಟೂಲು ಎಳೆದುಕೊಂಡು ಕೂತವನು ಏಳಲೇ ಇಲ್ಲ. ಒಂದೊಂದು ಬಣ್ಣಕ್ಕೂ ಒಂದೊಂದು ಕತೆ. ಬಳೆ ಒಡೆದದ್ದಕ್ಕೆ ಅವ್ವ ಎರಡು ದಿನ ಮುನಿಸಿಕೊಂಡದ್ದು, ಮುತ್ತತ್ತಿಯಲ್ಲಿ ಹೊಳೆಗೆ ಹೆದರಿ ಅವನ ಪಂಚೆಯನ್ನೇ ಹಿಡಿದುಕೊಂಡದ್ದು. ಹೇಳುತ್ತ ಹೇಳುತ್ತ ನಗುತ್ತಿದ್ದ, ಕಣ್ಣೊರೆಸಿಕೊಳ್ಳುತ್ತಿದ್ದ. ನನ್ನ ಅವ್ವ ಇಂಥವಳು ಅಂತ ನನಗೆ ಗೊತ್ತಾದದ್ದು ಆ ಮಧ್ಯಾಹ್ನ.

ಆ ಮನೆ ಈಗ ಇಲ್ಲ, ಅಪ್ಪನೂ ಹೋದ. ನಿಮಗೂ ಇಂಥದೊಂದು ಮನೆ ಇದ್ದೀತು. ಅಂದು ಕೊನೆಗೆ ಮೂಡಿದ ಅವ್ವ ಫೋಟೊದ ಅವ್ವನಂತಿರಲಿಲ್ಲ, ಕೆನ್ನೆ ಒಂಚೂರು ಹೆಚ್ಚೇ ಕೆಂಪಾಗಿತ್ತು. ಸರಿಮಾಡಲೇ ಅಂತ ಅತ್ತೆ ಕೇಳಿದಳು.

"ಬ್ಯಾಡ ಬುಡು," ಅಂದ ಅಪ್ಪ. "ನಗುವಾಗ ಅಂಗೇ ಇರ್ತಿದ್ಲು."